ಮುತ್ತತ್ತಿ ಕಾಡಿನಲ್ಲಿ ಎರಡು ಪಂಪು

ಕೆಲಸ ಒಂದೇ. ಮುತ್ತತ್ತಿ ಕಾಡಿನೊಳಗಿನ ವಾಚರ್ ಗುಡಿಸಲಿಗೆ ಹೋಗಿ ಚಿಕ್ಕಬೋರಮ್ಮನನ್ನು ಕರೆತರಬೇಕು. ಸಂಜೆಯೊಳಗೆ ಮಂಡ್ಯದ ಆಸ್ಪತ್ರೆಯಲ್ಲಿ ಅವಳ ಹೊಟ್ಟೆಗೆ ಮೊದಲ ಸೂಜಿ ಬೀಳಬೇಕು.

ಹುಚ್ಚು ನರಿ ಅವಳ ಕೆನ್ನೆ ಕಚ್ಚಿ ಹನ್ನೊಂದು ದಿನವಾಗಿತ್ತು. ಗಂಡ ಮರಿಯಯ್ಯ ಅರಣ್ಯದ ಡ್ಯೂಟಿಗೆ ಹೋದವನು ಇನ್ನೂ ಮರಳಿರಲಿಲ್ಲ. ಆಸ್ಪತ್ರೆಗೆ ಸುದ್ದಿ ತಂದವನು ಅವಳ ಭಾವ ಮರಿಸಿದ್ದಯ್ಯ. ಆಸ್ಪತ್ರೆಯ ಜೀಪು ಕ್ಯಾಂಪಿಗೆ ಹೋಗಿದ್ದರಿಂದ ಶ್ಯಾಮಣ್ಣನ ಬಾಡಿಗೆ ಅಂಬಾಸಿಡರ್ ಕಾರು ಗೊತ್ತು ಮಾಡಿದರು. ಜೊತೆಗೆ ನರ್ಸ್ ಗೋದಾ.

“ನೀರು ಕಂಡರೆ ಹೆದರುತ್ತಾಳಾ ನೋಡು,” ಅಂದಿದ್ದರು ಡಾಕ್ಟರು. “ಗುಟುಕು ಇಳಿಯದಿದ್ದರೆ ಮತ್ತೆ ನಮ್ಮ ಕೈಲಿ ಏನೂ ಇಲ್ಲ.”

ಮದ್ದೂರಿನ ಹತ್ತಿರ ಬಾನೆಟ್ಟಿನೊಳಗೆ ಏನೋ ಕೀಚಲು ಸದ್ದು ಶುರುವಾಯಿತು.

“ಬೆಲ್ಟು ಸಡಿಲ ಆಗಿದೆ ಸಿಸ್ಟರ್, ಬೇರೇನಿಲ್ಲ,” ಎಂದು ಶ್ಯಾಮಣ್ಣ ಇಳಿದು ಅದನ್ನು ಬಿಗಿ ಮಾಡಿದ. ಸದ್ದು ನಿಲ್ಲಲಿಲ್ಲ, ಇನ್ನಷ್ಟು ಚೂಪಾಯಿತು.

“ಬಿಗಿ ಮಾಡುದ್ಮೇಲೆ ಜಾಸ್ತಿ ಅರಚ್ತಾ ಅದಲ್ಲ ಸಾಮಣ್ಣಾರೇ,” ಅಂದ ಮರಿಸಿದ್ದಯ್ಯ.

“ನೀನು ಎತ್ತಿನ ಗಾಡಿ ಹೊಡಿಯೋನು. ಸುಮ್ನಿರು.”

ಇಬ್ಬರಲ್ಲಿ ಯಾರು ಸರಿಯೆಂದು ಗೋದಾಳಿಗೆ ತಿಳಿಯಲಿಲ್ಲ. ಮಳವಳ್ಳಿ ದಾಟಿತು, ಹಲಗೂರು ದಾಟಿತು. ಕಬ್ಬಿನ ಹಸಿರು ಹಿಂದೆ ಸರಿದು ಕುರುಚಲು ಗಿಡ, ಆಮೇಲೆ ಬಿದಿರು, ಆಮೇಲೆ ಎರಡು ಗುಡ್ಡಗಳ ನಡುವೆ ಇಳಿಯುವ ಕೆಂಪು ಹಾದಿ ಬಂತು. ಬಲಗಡೆ ಎಲ್ಲೋ ಆಳದಲ್ಲಿ ಕಾವೇರಿ ಬಂಡೆಗಳ ಮೇಲೆ ಸದ್ದು ಮಾಡುತ್ತಿತ್ತು. ಕಾಣುತ್ತಿರಲಿಲ್ಲ. ಮತ್ತಿಮರಗಳ ಕೆಳಗೆ ಬಿಸಿಲು ಚೂರುಚೂರಾಗಿ ಬಿದ್ದಿತ್ತು.

ಗುಡಿಸಲು ಸಿಕ್ಕಾಗ ಹನ್ನೊಂದು ಗಂಟೆ. ಚಿಕ್ಕಬೋರಮ್ಮ ಬಾಗಿಲಲ್ಲೇ ಕೂತಿದ್ದಳು. ಕೆನ್ನೆಯ ಗಾಯಕ್ಕೆ ಯಾವುದೋ ಸೊಪ್ಪು ಮೆತ್ತಿತ್ತು. ಗೋದಾ ಗಾಯ ತೊಳೆದಳು. ಲೋಟದಲ್ಲಿ ನೀರು ಕೊಟ್ಟಳು.

ಚಿಕ್ಕಬೋರಮ್ಮ ಥಟ್ಟನೆ ಮುಖ ತಿರುಗಿಸಿದಳು.

“ಒಂದು ಗುಟುಕು ಕುಡಿಯಮ್ಮ.”

“ಬ್ಯಾಡ ಕಣವ್ವ.”

“ಬಾಯಾರಿಲ್ಲವಾ?”

“ಬಾಯಾರದೆ. ಬ್ಯಾಡ.”

ಬಾಯಾರಿದೆ, ಆದರೂ ಬೇಡ. ಪಾಠದಲ್ಲಿ ಓದಿದ ಲಕ್ಷಣ ಇದೇ ಏನು? ಆದರೆ ಗಂಟಲು ಸೆಳೆಯಲಿಲ್ಲ, ಕಣ್ಣಲ್ಲಿ ದಿಗಿಲಿರಲಿಲ್ಲ. ಮುಖ ತಿರುಗಿಸಿದ್ದು ಹೆದರಿಕೆಯೋ, ನಾಚಿಕೆಯೋ? ಗೋದಾ ಯಾರಿಗೂ ಹೇಳದೆ ನೀರು ಚೆಲ್ಲಿ ಲೋಟವನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಅವಳನ್ನು ಹತ್ತಿಸಿಕೊಂಡು ಹಿಂದಿರುಗುವಾಗ ಎರಡು ಮೈಲಿಗೇ ಎಂಜಿನ್ನಿನಡಿ ನೀರು ತೊಟ್ಟಿಕ್ಕತೊಡಗಿತು.

“ರೇಡಿಯೇಟರ್ ತೂತಾಗಿದೆ,” ಎಂದು ತೀರ್ಪು ಕೊಟ್ಟ ಶ್ಯಾಮಣ್ಣ. “ಮರಿಸಿದ್ದಯ್ಯ, ನಿನ್ನ ಚೀಲದಲ್ಲಿ ರಾಗಿ ಹಿಟ್ಟಿದೆಯಲ್ಲ, ಕೊಡು. ಒಳಗೆ ಬೆಂದು ತೂತಿಗೆ ಅಂಟ್ಕೊಳ್ಳತ್ತೆ.”

“ಕಾರ್ಗೂ ಮುದ್ದೆ ತಿನ್ನುಸ್ತೀರಾ?”

“ಮಂಡ್ಯದ ಕಾರು. ಇನ್ನೇನು ತಿನ್ನುತ್ತೆ?”

ಎರಡು ಹಿಡಿ ಹಿಟ್ಟು, ಮೇಲೊಂದಿಷ್ಟು ನೀರು. ತೊಟ್ಟು ನಿಲ್ಲಲಿಲ್ಲ. ಏರು ಬಂದಾಗ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಕಾರು ಕೆಮ್ಮಿ ನಿಂತಿತು. ರೇಡಿಯೇಟರಿನ ಮುಚ್ಚಳ ಹಾರಿ ಬೂದು ಬಣ್ಣದ ಅಂಬಲಿ ಉಕ್ಕಿ ಗಾಜಿಗೆಲ್ಲ ಸಿಡಿಯಿತು.

ಕಾಡಿನ ತುಂಬ ಬೆಂದ ರಾಗಿಯ ವಾಸನೆ.

“ಗಾಜು ಏರ್ಸಿ,” ಎಂದಳು ಚಿಕ್ಕಬೋರಮ್ಮ, ಮೆಲ್ಲಗೆ. “ಉಸ್ರು ಎತ್ಬ್ಯಾಡಿ.”

ಬಿದಿರು ಮುರಿಯಿತು.

ಒಂಟಿ ಸಲಗ. ಸೊಂಡಿಲು ಎತ್ತಿ ಗಾಳಿ ಹಿಡಿಯಿತು. ಮೂತಿ ಕಾರಿನ ಕಡೆಗೇ.

ಇಪ್ಪತ್ತು ಹೆಜ್ಜೆ. ಹತ್ತು.

ಸೊಂಡಿಲು ಬಾನೆಟ್ಟಿನ ಮೇಲೆ ಹರಿಯಿತು. ಬಿಸಿ ತಾಕಿ ಸರಕ್ಕನೆ ಹಿಂದೆ ಹೋಯಿತು. ಆನೆ ಗುಡುಗಿತು. ಅದು ತಳ್ಳಿದ್ದಕ್ಕೆ ಕಾರು ಒಂದು ಪಕ್ಕಕ್ಕೆ ವಾಲಿತು.

“ಬಾವ, ಚೀಲ! ಇಳಿಜಾರ್ಗೆ ಎಸಿ!” ಅಂದಳು ಚಿಕ್ಕಬೋರಮ್ಮ.

ಮರಿಸಿದ್ದಯ್ಯ ಒಂದು ಹಿಡಿ ಹಿಟ್ಟನ್ನು ಟವಲಿಗೆ ಸುರಿದುಕೊಂಡ. ಹಿಂಬದಿಯ ಗಾಜು ಇಳಿಸಿ ಚೀಲವನ್ನು ಬೀಸಿ ಒಗೆದ. ಅದು ಹಿಟ್ಟು ಚೆಲ್ಲುತ್ತ ಕೊರಕಲಿಗೆ ಉರುಳಿತು. ಆನೆ ಒಂದು ಕ್ಷಣ ಕಾರನ್ನು ನೋಡಿತು, ಒಂದು ಕ್ಷಣ ಕೊರಕಲನ್ನು. ಆಮೇಲೆ ಕೊರಕಲಿಗೆ ಇಳಿಯಿತು.

“ಇಂಥಾ ಹೊತ್ನಾಗೂ ಟವಲ್ಗೆ ಸುರ್ಕೊಂಡ್ಯಲ್ಲ ಬಾವ!”

“ಅಭ್ಯಾಸ ಕಣವ್ವ.”

ಆನೆ ದೂರವಾದ ಮೇಲೆ, ಅದು ಮತ್ತೆ ಬಾರದಂತೆ ಮರಿಸಿದ್ದಯ್ಯ ಒಣ ಬಿದಿರು ಕೂಡಿಸಿ ಬೆಂಕಿ ಹಾಕಿದ. ಬಾನೆಟ್ಟು ಎತ್ತಿದ ಶ್ಯಾಮಣ್ಣ ಎಂಜಿನ್ನಿನ ಪಕ್ಕಕ್ಕೆ ಬಗ್ಗಿ ಕಣ್ಣಿಟ್ಟ.

“ಸಿಸ್ಟರ್, ಆ ಫ್ಯಾನಿನ ರೆಕ್ಕೆ ಹಿಡಿದು ಹಿಂದೆ ಮುಂದೆ ಆಡಿಸಿ ನೋಡಿ.”

ಗೋದಾ ಹಿಡಿದಳು. ರೆಕ್ಕೆ ಸಡಿಲ ಹಲ್ಲಿನಂತೆ ಅಲ್ಲಾಡಿತು.

“ಅಯ್ಯೋ. ರೇಡಿಯೇಟರ್ ಅಲ್ಲ. ವಾಟರ್ ಪಂಪು. ಫ್ಯಾನು ಅದರ ದಂಡದ ಮೇಲೇ ಕೂತಿರೋದು. ಬೇರಿಂಗು ಹೋಗಿದೆ, ಅದಕ್ಕೇ ಕೀಚಲು. ಬೆಲ್ಟು ಬಿಗಿ ಮಾಡಿ ನಾನೇ ಇನ್ನೂ ಸಾಯಿಸಿದೆ.”

ಡಿಕ್ಕಿಯಲ್ಲಿ ಬದಲಿ ಪಂಪು ಇತ್ತು. ಒಂದಲ್ಲ, ಎರಡು. ಒಂದು ಹೋದ ವರ್ಷ ಕೆಟ್ಟಿತೆಂದು ಬಿಚ್ಚಿಟ್ಟದ್ದು. ಇನ್ನೊಂದು ರಿಪೇರಿ ಮಾಡಿಸಿ ತಂದದ್ದು. ಎರಡೂ ಒಂದೇ ಗೋಣಿಯಲ್ಲಿ, ಒಂದೇ ಥರ ಮಣ್ಣು, ಗ್ರೀಸು.

“ಯಾವುದು ಯಾವುದು?”

“ಅದೇ ಗೊತ್ತಾಗ್ತಿಲ್ಲ ಸಿಸ್ಟರ್.”

“ಕೆಟ್ಟಿದ್ದನ್ನ ಯಾಕೆ ಇಟ್ಟುಕೊಂಡಿರಿ?”

“ಯಾವತ್ತಾದ್ರೂ ಬೇಕಾಗತ್ತೆ ಅಂತ!”

ಗೋದಾ ಎರಡನ್ನೂ ಕಲ್ಲಿನ ಮೇಲಿಟ್ಟು ಒರೆಸಿದಳು. ಎರಡೂ ತಿರುಗಿದವು. ದಂಡ ಹಿಡಿದು ಅಲ್ಲಾಡಿಸಿದಳು. ಒಂದು ಕದಲಿತೋ, ತನ್ನ ಕೈಯೇ ಕದಲಿತೋ? ಆಗ ಶ್ಯಾಮಣ್ಣ ಬಿಚ್ಚುತ್ತಿದ್ದ ಪಂಪಿನ ಅಡಿಯ ಸಣ್ಣ ತೂತು ಕಂಡಿತು. ನೀರು ಅಲ್ಲಿಂದಲೇ ತೊಟ್ಟಿಕ್ಕಿತ್ತು. ಅದರ ಕೆಳಗೆ ತುಕ್ಕಿನ ಉದ್ದನೆಯ ಗೆರೆ. ಅವಳು ಮತ್ತೆ ಎರಡನ್ನೂ ತಿರುವಿ ನೋಡಿದಳು. ಒಂದರ ತೂತಿನ ಕೆಳಗೆ ಅಂಥದೇ ಗೆರೆ. ಇನ್ನೊಂದು ಚೊಕ್ಕಟ. ಅದನ್ನು ಎತ್ತಿ ಕೊಟ್ಟಳು.

“ಇದನ್ನ ಹಾಕಿ.”

“ಖಾತ್ರಿಯಾ?”

“ಇಲ್ಲ. ಆದರೂ ಇದನ್ನೇ ಹಾಕಿ.”

ರೇಡಿಯೇಟರನ್ನು ಬಿಚ್ಚಿ ಹಳ್ಳಕ್ಕೆ ಒಯ್ದು ತಲೆಕೆಳಗು ಮಾಡಿ ತೊಳೆದರು. ಎಂಜಿನ್ನಿಗೂ ಪಂಪಿಗೂ ನಡುವೆ ಕೂರುವ ಗ್ಯಾಸ್ಕೆಟ್ಟು ಹರಿದಿತ್ತು. ಗೋದಾ ತನ್ನ ಫೈಲಿನ ರಟ್ಟನ್ನು ಕತ್ತರಿಯಲ್ಲಿ ಅದೇ ಅಳತೆಗೆ ಕತ್ತರಿಸಿ ಗ್ರೀಸು ಸವರಿದಳು. ಬೋಲ್ಟುಗಳು ಎದುರುಬದುರಾಗಿ, ಸ್ವಲ್ಪಸ್ವಲ್ಪವಾಗಿ ಬಿಗಿಯಾದವು.

ರೇಡಿಯೇಟರಿನಿಂದ ಗಂಟುಗಂಟಾಗಿ ಬಿದ್ದ ಅಂಬಲಿಯನ್ನು ನೆನಪಿಸಿಕೊಂಡು ಚಿಕ್ಕಬೋರಮ್ಮ ನಕ್ಕಳು. “ನಂಗಿಲ್ದಿದ್ದು ಕಾರಿಗೆ ಸಿಕ್ತು!”

ಗೋದಾಳ ಕೈಯಲ್ಲಿದ್ದ ಸ್ಪಾನರು ನಿಂತಿತು. “ಏನಂದೆ? ನಿನಗೆ ಅಂಬಲಿ ಬೇಕಾ?”

ಚಿಕ್ಕಬೋರಮ್ಮ ಭಾವನ ಮುಖ ನೋಡಿದಳು. ಮರಿಸಿದ್ದಯ್ಯನೇ ಬಾಯಿಬಿಟ್ಟ. “ಬೈಬ್ಯಾಡಿ ಕಣವ್ವ. ಮದ್ದು ಕೊಡೋನ್ತಾವ ಬೇರು ತಿನ್ಸಿದೀವಿ. ಹದ್ನೈದು ದಿನ ತಣ್ಣೀರು ಕುಡೀಬಾರ್ದು ಅಂದವ್ನೆ. ಆಸ್ಪತ್ರೆಯೋರ್ಗೆ ಹೇಳಿದ್ರೆ ಬೈತೀರಾ ಅಂತ...”

“ಅಂಬಲಿ ಕುಡಿಯಬಹುದಾ?”

“ಓ. ಬಿಸಿ ಅಂಬ್ಲಿ ಕುಡೀಬೌದು.”

ಗೋದಾ ಬೈಯಲಿಲ್ಲ. ಗುಡಿಸಲಿನಿಂದ ತಂದಿದ್ದ ತಪ್ಪಲೆಯಲ್ಲಿ ನೀರು ಬೆಂಕಿಗಿಟ್ಟು, ಟವಲಿನ ಹಿಡಿ ಹಿಟ್ಟನ್ನು ಅದಕ್ಕೆ ಕದಡಿದಳು. ಆರಿಸಿ, ಲೋಟ ತುಂಬಿ ಕೊಟ್ಟು ಎದುರಿಗೆ ಕೂತಳು. ಅವಳ ಕಣ್ಣು ಆ ಗಂಟಲಿನ ಮೇಲೇ.

ಮೊದಲ ಗುಟುಕು ಇಳಿಯಿತು. ಎರಡನೆಯದು. ಕುತ್ತಿಗೆ ಸೆಳೆಯಲಿಲ್ಲ. ಚಿಕ್ಕಬೋರಮ್ಮ ಲೋಟವನ್ನು ಬರಿದು ಮಾಡಿ ಮತ್ತೆ ಚಾಚಿದಳು.

“ಉಪ್ಪಿಲ್ಲ,” ಅಂದಳು.

ಶ್ಯಾಮಣ್ಣ ಸ್ಟಾರ್ಟ್ ಮಾಡಿದ. ಗೋದಾ ನೆಲಕ್ಕೆ ಕೂತು ಕೆಳಗಿನಿಂದ ನೋಡಿದಳು. ತೂತು ಒಣಗಿಯೇ ಇತ್ತು. ಕೀಚಲಿಲ್ಲ. ಆದರೂ ಮಳವಳ್ಳಿಯಲ್ಲೊಮ್ಮೆ, ಮದ್ದೂರಿನಲ್ಲೊಮ್ಮೆ ಇಳಿದು ನೋಡದೆ ಅವಳಿಗೆ ನಂಬಿಕೆ ಬರಲಿಲ್ಲ.

ಸಕ್ಕರೆ ಕಾರ್ಖಾನೆಯ ಹೊಗೆ ಕಾಣುವಾಗ ಬಿಸಿಲು ಇನ್ನೂ ಇತ್ತು. ಐದು ಗಂಟೆಗೆ ಮೊದಲ ಸೂಜಿ ಬಿತ್ತು. ಇನ್ನು ಹದಿಮೂರು. ಕಾಲ ಮೀರಿಲ್ಲ ಎಂದರು ಡಾಕ್ಟರು. ಉಳಿದದ್ದನ್ನು ದಿನಗಳೇ ಹೇಳಬೇಕು.

ಹೊರಗೆ ಶ್ಯಾಮಣ್ಣ ಎರಡು ಕೆಟ್ಟ ಪಂಪು ಹಿಡಿದು ನಿಂತಿದ್ದ. “ಇವನ್ನ ಏನು ಮಾಡ್ಲಿ ಸಿಸ್ಟರ್?”

“ಡಿಕ್ಕಿಗೆ ಮಾತ್ರ ಹಾಕಬೇಡಿ.”

ಒಳಗೆ ಬಂದರೆ ಚಿಕ್ಕಬೋರಮ್ಮ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಕೂತಿದ್ದಳು.

“ಅವ್ವಾ, ನಿಮ್ ಮದ್ದಿಗೆ ಪಥ್ಯ ಏನು?”

ಗೋದಾ ಹೂಜಿಯಿಂದ ಲೋಟ ತುಂಬಿಸಿದಳು. “ನಮ್ಮ ಮದ್ದಿಗೆ ನೀರು ಕುಡಿಯಬೇಕು.”

ಚಿಕ್ಕಬೋರಮ್ಮ ಸ್ವಲ್ಪ ಯೋಚಿಸಿದಳು. ಆಮೇಲೆ ಲೋಟ ತೆಗೆದುಕೊಂಡು, ಎತ್ತಿ, ಗಟಗಟ ಕುಡಿದಳು.