ಜಾಕಿನಿಂದ ಜಾರಿದ ಕಾರು

"ನಮ್ಮಪ್ಪನ್ನ ಕೊಂದಿದ್ದು ನಾನೇನಾ? ನೀವೇ ನೋಡಿ ಹೇಳಿಬಿಡಿ ಮೇಡಂ. ಹೌದು ಅಂದ್ರೂ ಪರವಾಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಮಾತು ಕೇಳಿ ಮೈದುನ ಕ್ಯಾಮೆರಾ ಒರೆಸುವುದನ್ನು ನಿಲ್ಲಿಸಿದ. ಅತ್ತಿಗೆ ಮಾತ್ರ ಕುರ್ಚಿ ಎಳೆದು ಅವಳನ್ನು ಕೂರಿಸಿದರು. ರಸ್ತೆ ಅಪಘಾತಗಳ ತನಿಖೆಯಲ್ಲೇ ಕೂದಲು ನರೆಸಿಕೊಂಡು ಪೊಲೀಸ್ ಕೆಲಸದಿಂದ ನಿವೃತ್ತರಾದವರು ಅವರು. ಬೀದಿಯಲ್ಲಿ ಏನು ಎಡವಟ್ಟಾದರೂ ಜನ ಈಗಲೂ ಮೊದಲು ತಟ್ಟುವುದು ಅವರ ಬಾಗಿಲನ್ನೇ. ಫೋಟೋ ಸ್ಟುಡಿಯೋ ಮುಚ್ಚಿ, ಕ್ಯಾಮೆರಾ ಹೊತ್ತು ಅವರ ಹಿಂದೆ ಓಡುವುದು ಮೈದುನನ ಪಾಲಿಗೆ ಬಂದ ಪಂಚಾಮೃತ.

ಹುಡುಗಿ ಪಕ್ಕದ ರಸ್ತೆಯ ಡ್ರೈವಿಂಗ್ ಸ್ಕೂಲಿನ ಗುರುಗಳ ಮಗಳು. ಕಾರು ಕಲಿಯಲು ಬರುತ್ತಿದ್ದ ನರ್ಸ್ ಒಬ್ಬರಿಗೆ ಪಂಕ್ಚರ್ ಆದ ಚಕ್ರ ಬದಲಿಸುವುದನ್ನು ತೋರಿಸು ಎಂದು ಅಪ್ಪ ಅವಳಿಗೇ ಹೇಳಿದ್ದರಂತೆ. ಹಿಂದಿನ ಚಕ್ರ ಬಿಚ್ಚಿಟ್ಟು, ಸ್ಟೆಪ್ನಿ ಹಾಕುವ ಮೊದಲು ಕೈ ತೊಳೆಯಲು ಅವಳೂ ನರ್ಸೂ ಒಳಗೆ ಹೋದರು. ಧಡಾರೆಂಬ ಸದ್ದಿಗೆ ಓಡಿ ಬಂದು ನೋಡಿದರೆ ಕಾರು ಜಾಕಿನಿಂದ ಜಾರಿ ಬಿದ್ದಿತ್ತು. ಅಪ್ಪನ ತಲೆ, ಭುಜ ಅದರ ಕೆಳಗಿದ್ದವು. ಅದೇ ಸ್ಕೂಲಿನಲ್ಲಿ ಪಾಠ ಹೇಳುವ ಚಿಕ್ಕಪ್ಪ ಪಕ್ಕದಲ್ಲಿ ನಿಂತು ಕೂಗಿಕೊಳ್ಳುತ್ತಿದ್ದರು. ಆಚೆಯ ಗ್ಯಾರೇಜಿನ ಮೆಕ್ಯಾನಿಕ್ ಓಡಿ ಬಂದ ಮೇಲೆ ಎಲ್ಲರೂ ಸೇರಿ ಕಾರು ಎತ್ತಿದರು. ಅಷ್ಟರಲ್ಲಿ ಜೀವ ಹೋಗಿತ್ತು.

"ನೀನು ಏನೇನು ಮಾಡಿದೆ, ಒಂದೊಂದಾಗಿ ಹೇಳಮ್ಮ," ಎಂದರು ಅತ್ತಿಗೆ.

"ಹ್ಯಾಂಡ್‌ಬ್ರೇಕ್ ಎಳೆದು ಫಸ್ಟ್ ಗೇರಿಗೆ ಹಾಕಿದೆ. ಅಂಗಳ ಗೇಟಿನ ಕಡೆ ಇಳಿಜಾರಲ್ವಾ, ಕಾರಿನ ಮುಖಾನೂ ಆ ಕಡೆಗೇ ಇತ್ತು, ಮುಂದಿನ ಚಕ್ರಗಳ ಮುಂದೆ ಕಲ್ಲು ಕೊಟ್ಟೆ. ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸಡಿಲ ಮಾಡಿ ಆಮೇಲೆ ಜಾಕ್ ಏರಿಸಿದೆ. ಬಿಚ್ಚಿದ ನಟ್ಟನ್ನೆಲ್ಲ ಚಕ್ರದ ಮುಚ್ಚಳದಲ್ಲಿ ಹಾಕಿಟ್ಟೆ. ಹಾಗಂತ ನೆನಪು. ಆದ್ರೆ ಪೊಲೀಸ್ನೋರು ಜಾಕ್ ಸರಿಯಾಗಿ ಕೂರಿಸಿಲ್ಲ ಅಂತಿದ್ದಾರೆ. ಈಗ ನಂಗೆ ಯಾವುದರ ಮೇಲೂ ನಂಬಿಕೆ ಇಲ್ಲ."

"ಮನೆಯವರು?"

"ಚಿಕ್ಕಪ್ಪ ಒಬ್ರೇ ತಲೆ ಸವರಿ, 'ಬೇಕಂತ ಮಾಡಿದ್ದಲ್ಲವಲ್ಲ ಮಗಳೇ, ಬಿಡು' ಅಂದ್ರು."

ಸ್ಕೂಲಿನ ಅಂಗಳದಲ್ಲಿ ಕಾರು ಹಾಗೇ ಇತ್ತು. ಕಾವಲಿಗಿದ್ದ ಕಾನ್‌ಸ್ಟೇಬಲ್ ಹಳೆಯ ಗೌರವಕ್ಕೆ ಬಾಗಿಲು ತೆರೆದ. ಕಾರು ಎತ್ತಿದವರೆಲ್ಲ ಹಿಂಬದಿಯನ್ನಷ್ಟೇ ಹಿಡಿದಿದ್ದರು, ಒಳಗೆ ಯಾರೂ ಕೈಯಾಡಿಸಿರಲಿಲ್ಲ. ಅತ್ತಿಗೆ ಬಗ್ಗಿ ನೋಡಿದರು. ಹ್ಯಾಂಡ್‌ಬ್ರೇಕ್ ಬಿಗಿಯಾಗಿತ್ತು. ಗೇರು ಮಾತ್ರ ನ್ಯೂಟ್ರಲ್‌ನಲ್ಲಿತ್ತು. ಮುಂದಿನ ಚಕ್ರಗಳಿಗೆ ಕಲ್ಲುಗಳು ಒತ್ತಿಕೊಂಡೇ ಕೂತಿದ್ದವು. ಅವುಗಳಿಗಿಂತ ಒಂದು ಗೇಣು ಹಿಂದೆ, ಕಾರಿನ ಅಡಿಯಲ್ಲಿ, ಮಣ್ಣಿನಲ್ಲಿ ಅದೇ ಆಕಾರದ ಗುಳಿಗಳಿದ್ದವು.

"ಆ ಕಲ್ಲಿನದೂ ಗುಳಿಯದೂ ಫೋಟೋ ತೆಗಿ."

"ಕಲ್ಲಿಗೇನು ಫೋಟೋ ಅತ್ತಿಗೆ?"

"ಮದುಮಗಳಿಗೆ ತೆಗೀತೀಯಲ್ಲ, ಹಾಗೆ. ಎಲ್ಲಾ ಕಡೆಯಿಂದ."

ಸತ್ತವರ ಮುಷ್ಟಿಯಲ್ಲಿ ಒಂದು ನಟ್ಟು ಸಿಕ್ಕಿತ್ತೆಂದು ಕಾನ್‌ಸ್ಟೇಬಲ್ ಹೇಳಿದ. ಜಾಕಿನ ಮೇಲಿನ ಕಾರಿನ ಕೆಳಗೆ ಕೈ ಕೂಡ ಹಾಕಬಾರದೆಂದು ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ಒಂದು ನಟ್ಟಿಗಾಗಿ ಅಲ್ಲಿಗೆ ತಲೆ ಹಾಕಿದ್ದರು. ಮೈದುನನ ಗುಮಾನಿ ಮೆಕ್ಯಾನಿಕ್ ಮೇಲಿತ್ತು. ಗೇಟಿಗೆ ಅಡ್ಡ ಗಾಡಿ ನಿಲ್ಲಿಸಿದ್ದಕ್ಕೆ ಗುರುಗಳಿಗೂ ಅವನಿಗೂ ಮೊನ್ನೆಯಷ್ಟೇ ದೊಡ್ಡ ಜಗಳವಾಗಿತ್ತು. ಅತ್ತಿಗೆ ಹೋಗಿ ನರ್ಸನ್ನು ಮಾತನಾಡಿಸಿದರು.

"ಮೊದಲು ನಂಗೆ ಪಾಠ ಹೇಳ್ತಿದ್ದೋರು ಚಿಕ್ಕೋರು, ಗುರುಗಳ ತಮ್ಮ," ಎಂದಳು ಆಕೆ. "ಒಂದಿನ ಬಾಯಿಂದ ಕುಡಿದ ವಾಸನೆ ಬರ್ತಿತ್ತು, ದೊಡ್ಡೋರಿಗೆ ಹೇಳಿದೆ. ಆಮೇಲಿಂದ ದೊಡ್ಡೋರೇ ಬರ್ತಿದ್ರು."

ಮರುದಿನ ಅತ್ತಿಗೆ ಎಲ್ಲರನ್ನೂ ಅಂಗಳಕ್ಕೆ ಕರೆಸಿದರು. ಸ್ಟೇಷನ್ನಿನಿಂದ ಇನ್ಸ್‌ಪೆಕ್ಟರೂ ಬಂದಿದ್ದರು. ಸ್ಕೂಲಿನ ಇನ್ನೊಂದು ಕಾರು ತೋರಿಸಿ, "ಒಬ್ಬೊಬ್ಬರಾಗಿ ಇದನ್ನ ಗೇಟಿನ ತನಕ ತಂದು, ನಿಲ್ಲಿಸಿ ಇಳೀರಿ. ಇಳಿಜಾರು, ಜೋಪಾನ," ಎಂದರು.

ಮೆಕ್ಯಾನಿಕ್ ಗೊಣಗುತ್ತಲೇ ತಂದು ನಿಲ್ಲಿಸಿ, ಗೇರಿಗೆ ಹಾಕಿ ಇಳಿದ. ನರ್ಸಿನ ಕೈಯಲ್ಲಿ ಕಾರು ಎರಡು ಸಲ ಕುಪ್ಪಳಿಸಿ ಗೇರಿನಲ್ಲೇ ನಿಂತುಹೋಯಿತು. ಚಿಕ್ಕಪ್ಪ ಹೂವೆತ್ತಿದಂತೆ ನಿಲ್ಲಿಸಿ, ಗೇರು ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು ಇಳಿದರು.

"ಇಳಿಜಾರು ಅಂದಿದ್ದೆ. ನೀವು ನ್ಯೂಟ್ರಲ್ ಮಾಡಿ ಇಳಿದ್ರಲ್ಲ?"

"ಅಭ್ಯಾಸ ಮೇಡಂ," ಎಂದು ನಕ್ಕರು. "ನಮ್ಮ ಶಿಷ್ಯರು ಹತ್ತಿದ ತಕ್ಷಣ ಕೀಲಿ ತಿರುಗಿಸ್ತಾರೆ. ಗೇರಲ್ಲಿದ್ರೆ ಗಾಡಿ ಮುಂದಕ್ಕೆ ಹಾರುತ್ತೆ. ಪಾಠ ಹೇಳೋರಿಗೆಲ್ಲ ಕೈ ತಾನಾಗೇ ನ್ಯೂಟ್ರಲ್‌ಗೆ ಹೋಗುತ್ತೆ."

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಕಲಿತ ಗುಣಾನೂ ಅಷ್ಟೇ." ಅತ್ತಿಗೆ ಫೋಟೋಗಳನ್ನು ಇನ್ಸ್‌ಪೆಕ್ಟರ್ ಕೈಗಿತ್ತರು. "ಈ ಗುಳಿ ನೋಡಿ. ಹುಡುಗಿ ಕಲ್ಲು ಇಟ್ಟಿದ್ದು ಅಲ್ಲಿ. ಕಲ್ಲು ತೆಗೆದ ಮೇಲೇ ಕಾರು ಒಂದು ಗೇಣು ಉರುಳಿ ಜಾಕಿನಿಂದ ಬಿದ್ದಿದೆ. ಹಾಗಾದ್ರೆ ಆ ಕಲ್ಲು ಮತ್ತೆ ಚಕ್ರದ ಮುಂದೆ ಬಂದು ಕೂತಿದ್ದು ಹೇಗೆ? ಕಾರು ಬಿದ್ದ ಮೇಲೆ ಯಾರೋ ಇಟ್ಟಿದ್ದಾರೆ. ಹ್ಯಾಂಡ್‌ಬ್ರೇಕನ್ನೂ ಆಗಲೇ ಎಳೆದಿದ್ದಾರೆ."

"ಗೇರನ್ನ ಗುರುಗಳೇ ತೆಗೆದಿರಬಹುದಲ್ಲ? ಅವರೂ ಪಾಠ ಹೇಳೋರೇ," ಎಂದರು ಇನ್ಸ್‌ಪೆಕ್ಟರ್.

"ಕಾರಿನ ಕೆಳಗಿದ್ದವರು ಎದ್ದು ಬಂದು ಕಲ್ಲು ಇಡೋಕಾಗಲ್ಲ. ಹುಡುಗಿ, ನರ್ಸ್ ಒಳಗಿದ್ರು. ಮೆಕ್ಯಾನಿಕ್ ಬಂದಿದ್ದು ಕೂಗು ಕೇಳಿದ ಮೇಲೆ. ಅವರಿಗಿಂತ ಮೊದಲು ಇಲ್ಲಿದ್ದೋರು ಒಬ್ರೇ. ಮುಚ್ಚಳದಿಂದ ಒಂದು ನಟ್ಟು ತೆಗೆದು ಕೆಳಗೆ ಉರುಳಿಸಿದ್ರು. ನಟ್ಟು ಕೆಳಗೆ ಹೋಯ್ತು ಅಂದ ತಮ್ಮನ ಮಾತು ನಂಬಿ ಅಣ್ಣ ಬಗ್ಗಿದ್ರು, ಮೊದಲೇ ಕಲ್ಲೂ ಗೇರೂ ತೆಗೆದಿದ್ದ ಇವರು ಆಗ ಹ್ಯಾಂಡ್‌ಬ್ರೇಕ್ ಬಿಟ್ರು. ಆಮೇಲೆ ಎಲ್ಲವನ್ನೂ ಮೊದಲಿನ ಹಾಗೇ ಜೋಡಿಸಿದ್ರು. ಗೇರು ಮಾತ್ರ ಮರೆತುಹೋಯ್ತು, ಯಾಕಂದ್ರೆ ನ್ಯೂಟ್ರಲ್‌ನಲ್ಲಿ ನಿಂತ ಕಾರು ಅವರ ಕಣ್ಣಿಗೆ ಸರಿಯಾಗೇ ಕಾಣುತ್ತೆ."

ಚಿಕ್ಕಪ್ಪನ ಮುಖದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಆಮೇಲೆ ಅವರು ಕಾರಿಗೆ ಒರಗಿ ಕುಸಿದು ಕುಳಿತರು.

"ಲೈಸೆನ್ಸ್ ರದ್ದು ಮಾಡಿಸ್ತೀನಿ ಅಂದ. ಒಡಹುಟ್ಟಿದ ತಮ್ಮನಿಗೆ," ಎಂದರು. "ಇದು ಬಿಟ್ರೆ ನಂಗೆ ಬೇರೆ ಏನು ಬರುತ್ತೆ?"

ಹುಡುಗಿಯ ಮೇಲಿದ್ದ ಭಾರ ಈಗ ಇಳಿಯಿತು, ಇನ್ನು ಒಂದು ಸಲ ಜೋರಾಗಿ ಅತ್ತು ಹಗುರಾಗುತ್ತಾಳೆ ಎಂದುಕೊಂಡ ಮೈದುನ. ಅವಳು ಅಳಲಿಲ್ಲ. ಚಿಕ್ಕಪ್ಪ ಸವರಿದ್ದ ತನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವರ ಎದುರು ಕುಕ್ಕರಗಾಲಲ್ಲಿ ಕುಳಿತಳು.

"ನಾನೇ ಕೊಂದಿದ್ರೆ ಚೆನ್ನಾಗಿತ್ತು ಚಿಕ್ಕಪ್ಪ," ಎಂದಳು ಮೆಲ್ಲಗೆ. "ಅಪ್ಪ ಒಬ್ರೇ ಹೋಗಿರ್ತಿದ್ರು, ನೀವಾದ್ರೂ ಉಳೀತಿದ್ರಿ."