ಏಳನೆಯ ನಳಿಕೆ

ಫ್ರೀಜರಿನ ಬೀಗ ತೆರೆದು ನೇತಾಡುತ್ತಿತ್ತು. ಚಂಪಾ ಮುಚ್ಚಳ ಎತ್ತಿದಳು. ಹತ್ತು ನಳಿಕೆಗಳ ಡಬ್ಬಿಯಲ್ಲಿ ಒಂಬತ್ತೇ ಇದ್ದವು. ಏಳನೆಯದು ಇಲ್ಲ!

೧೯೮೬ರ ಜನವರಿ. ನಾಗಪುರದಲ್ಲಿ ಕೊರೆಯುವ ಚಳಿ. ಕೀಲುವಾತದ ರೋಗಿಗಳ ರಕ್ತ ಪರೀಕ್ಷಿಸುವ ಆ ಪ್ರಯೋಗಾಲಯಕ್ಕೆ ಹೋಲಿಕೆಗೆಂದು ಆರೋಗ್ಯವಂತರ ರಕ್ತವೂ ಬೇಕಿತ್ತು. ಅದನ್ನು ಕೊಡುತ್ತಿದ್ದವರು ಅಲ್ಲಿ ಕೆಲಸ ಮಾಡುವವರೇ. ನಳಿಕೆಯ ಮೇಲೆ ಸಂಖ್ಯೆ ಮಾತ್ರ. ಯಾವುದು ಯಾರದೆಂದು ಮುಖ್ಯಸ್ಥೆ ಡಾ. ನೀಲಾಂಬಿಕಾ ಒಬ್ಬರಿಗೇ ಗೊತ್ತು. ನಿನ್ನೆ ಸಂಜೆ ಏಳನೆಯದು ರೋಗಿಗಳ ರಕ್ತದಂತೆಯೇ ಗಾಜಿನ ಮೇಲೆ ಹರಳುಹರಳಾಗಿ ಒಡೆದಿತ್ತು. "ನಾಳೆ ಇನ್ನೊಮ್ಮೆ ನೋಡ್ತೀನಿ ಮೇಡಂ," ಎಂದಿದ್ದಳು ಅವರ ಸಂಶೋಧನಾ ವಿದ್ಯಾರ್ಥಿನಿ ಚಂಪಾ. ಅಟೆಂಡರ್ ಉಮಾಪತಿ ಅಲ್ಲೇ ಗಾಜು ತೊಳೆಯುತ್ತಿದ್ದ.

ಹತ್ತು ಗಂಟೆಗೆ ಭದ್ರತಾ ಅಧಿಕಾರಿ ಮಲ್ಲೇಶಪ್ಪ ಬಂದರು. ವಾಯುಪಡೆಯಿಂದ ನಿವೃತ್ತರಾದ ಹುಬ್ಬಳ್ಳಿಯವರು.

"ಕೀಲಿಕೈ ಎಷ್ಟವ?"

"ಎರಡರೀ," ಎಂದ ಉಮಾಪತಿ. "ಒಂದು ನನ್ನ ಹತ್ರ, ಒಂದು ಮೇಡಂ ಹತ್ರ."

"ಹದಿನಾಲ್ಕು ವರ್ಷದ ತಮ್ಮ ಕೆಲಸ ಮೇಡಂ ತಾವೇ ಕದೀತಾರೇನು? ಬರೋಬರ್ ಹೇಳು. ಆ ಡಬ್ಬಿಯೊಳಗ ನಿನ್ನ ರಕ್ತನೂ ಐತಿ, ಹೌದಿಲ್ಲೋ?"

"ಐತ್ರಿ."

"ರೋಗ ಐತಿ ಅಂತಾದ್ರ ನೌಕರಿ ಹೋಗ್ತದಂತ ಹೆದರಿದಿ. ತೆಗೆದಿ. ಗಡಿಬಿಡಿಯೊಳಗ ಬೀಗ ಹಾಕೋದು ಮರ್ತಿ!"

"ಏಳೂವರೆಗೆ ಬಾಗಿಲಾ ತೆಗೆದು ಸದರ್ ಬಜಾರಕ್ಕ ಬರ್ಫಗಡ್ಡಿ ತರಾಕ ಹೋಗಿದ್ನಿರೀ. ಒಂಬತ್ತಕ್ಕ ಬಂದೀನಿ. ಬೇಕಾದ್ರ ನನ್ನ ಸೈಕಲ್ಲಿಗೆ ಕೇಳ್ರಿ!"

"ಸೈಕಲ್ ಸಾಕ್ಷಿ ಹೇಳಂಗಿಲ್ಲಪಾ. ಸಂಜೀತನ ನಳಿಕೆ ಸಿಗಲಿಲ್ಲಂದ್ರ ನಾಳಿಂದ ನೀ ಬರೋದು ಬ್ಯಾಡ."

ಉಮಾಪತಿ ಚಂಪಾಳತ್ತ ನೋಡಿದ. ಅವಳಿಗೆ ಆ ನೋಟ ತಡೆಯಲಾಗಲಿಲ್ಲ.

ಅವಳು ಮತ್ತೆ ಫ್ರೀಜರಿನ ಬಳಿ ಹೋದಳು. ಗಡಿಬಿಡಿ? ಡಬ್ಬಿ ತನ್ನ ಸಾಲಿನಲ್ಲೇ ಇತ್ತು. ಮೇಲೆ ಬಟ್ಟೆ ನೀಟಾಗಿ ಹಾಸಿತ್ತು. ಮುಚ್ಚಳವೂ ಸರಿಯಾಗಿ ಕೂತಿತ್ತು. ಇಷ್ಟೆಲ್ಲ ಮಾಡಿದವರು ಬೀಗ ಮರೆಯುತ್ತಾರೆಯೇ?

ಹಳೆಯ ಹಿತ್ತಾಳೆ ಬೀಗವನ್ನು ಒತ್ತಿದಳು. ಕೂರಲಿಲ್ಲ. ಎರಡೂ ಹೆಬ್ಬೆರಳಿಟ್ಟು ಬಲವಾಗಿ ಒತ್ತಿದಾಗ ಟಕ್ ಎಂದಿತು. ಉಮಾಪತಿ ದಿನವೂ ಅದನ್ನು ಒಂದೇ ಕೈಯಲ್ಲಿ ಹಾಕುತ್ತಿದ್ದ.

ಮರೆತದ್ದಲ್ಲ — ಹಾಕಲು ಆಗಲಿಲ್ಲ.

ಇನ್ನೊಂದು ಕೀಲಿಕೈ ಮೇಡಂ ಹತ್ತಿರ. ಪ್ರತಿ ಚಳಿಗಾಲ ಎಲ್ಲರಿಗೂ ಕಿತ್ತಳೆ ಸುಲಿದು ಕೊಡುತ್ತಿದ್ದವರು ಈ ಸಲ ಒಂದನ್ನೂ ಸುಲಿದಿರಲಿಲ್ಲ. "ನೀನೇ ಸುಲಿಯೇ, ನನಗೆ ಬರೆಯೋದಿದೆ," ಎಂದಿದ್ದರು.

ನೀಲಾಂಬಿಕಾ ತಮ್ಮ ಕೋಣೆಯಲ್ಲಿ ಚಹಾದ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕೂತಿದ್ದರು. ಚಂಪಾ ರೋಗಿಗಳಿಗೆ ಕೇಳುವ ಪ್ರಶ್ನೆಪತ್ರಿಕೆ ತೆಗೆದಳು. ಮೊದಲ ಪ್ರಶ್ನೆ ಮೇಡಂ ಅವರೇ ಬರೆದದ್ದು.

"ಬೆಳಿಗ್ಗೆ ಎದ್ದ ಮೇಲೆ ಬೆರಳು ಎಷ್ಟು ಹೊತ್ತು ಬಿಗಿದಿರುತ್ತೆ ಮೇಡಂ?"

ನೀಲಾಂಬಿಕಾ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಹನ್ನೊಂದರವರೆಗೆ," ಎಂದರು. "ಹೇಗೆ ಗೊತ್ತಾಯ್ತು?"

"ಬೀಗದಿಂದ. ಕೀಲಿಕೈ ಹೇಗೋ ತಿರುಗಿಸಬಹುದು. ಒತ್ತೋಕೆ ಹೆಬ್ಬೆರಳಲ್ಲಿ ಬಲ ಬೇಕು. ಏಳನೆಯದು... ನಿಮ್ಮದು."

"ದೀಪಾವಳಿಯಿಂದ ನೋವಿತ್ತು. ಚಳಿಗೆ ಅಂತ ಅಂದ್ಕೊಂಡೆ. ದಿನಾ ಇದೇ ರೋಗ ನೋಡೋ ನಾನೇ! ನಿನ್ನೆ ನೀನು ಏಳು ಅಂದಾಗ..." ಅವರು ಲೋಟ ಕೆಳಗಿಟ್ಟರು. "ಶುಕ್ರವಾರ ದಿಲ್ಲಿಯಿಂದ ಅನುದಾನ ಕೊಡೋ ಸಮಿತಿ ಬರ್ತಿದೆ. ಪಿಪೆಟ್ ಹಿಡಿಯೋಕಾಗದವಳಿಗೆ ಇನ್ನೈದು ವರ್ಷ ಯಾರು ಕೊಡ್ತಾರೆ?"

"ಉಮಾಪತಿ ಕೆಲಸ ಹೋಗುತ್ತೆ ಮೇಡಂ."

"ಅವನ ಧ್ವನಿ ಇಲ್ಲಿಗೂ ಕೇಳಿಸ್ತು. ಎರಡು ಸಲ ಎದ್ದೆ. ಎರಡು ಸಲ ಕೂತೆ."

ಕೈಚೀಲದಿಂದ ಕರವಸ್ತ್ರದ ಗಂಟು ಹೊರಬಂತು. ಒಳಗೆ ನಳಿಕೆ. ಅದರಲ್ಲಿದ್ದ ರಕ್ತದ ಸೀರಂ ಪೂರ್ತಿ ಕರಗಿತ್ತು.

"ಮಲ್ಲೇಶಪ್ಪನವರನ್ನ ಕರಿ. ಅದಕ್ಕೆ ಮುಂಚೆ ರೋಗಿಗಳ ರಿಜಿಸ್ಟರ್ ತೆಗಿ. ಮುಂದಿನ ಸಂಖ್ಯೆ ಎಷ್ಟು?"

"ನಾನೂರ ಹನ್ನೆರಡು."

"ನೀನೇ ಬರಿ. ನನ್ನ ಅಕ್ಷರ ಈಗ ನೆಟ್ಟಗೆ ಬರಲ್ಲ."

ಚಂಪಾ ಹೆಸರು ಬರೆದಳು. ವಯಸ್ಸಿನ ಜಾಗದಲ್ಲಿ ಪೆನ್ನು ನಿಂತಿತು.

"ನಲವತ್ತೊಂಬತ್ತು," ಎಂದರು ನೀಲಾಂಬಿಕಾ, ಆ ಮೇಜಿನ ಮುಂದೆ ಕೂತು ರೋಗಿಗಳು ಹೇಳುವಷ್ಟೇ ಮೆಲ್ಲಗೆ.