ತಾಗಿಕೊಂಡ ಎರಡು ತಂತಿ

ಹೊಸದುರ್ಗದ ಬಸ್ಸಿನಿಂದ ಶ್ರೀರಾಂಪುರದಲ್ಲಿ ಇಳಿದ ತಿಮ್ಮೇಶ್, ರಜೆಗೆ ತನ್ನೂರಿಗೆ ಬಂದು ಅವನಿಗಾಗಿ ಕಾಯುತ್ತಿದ್ದ ಜಯಶೀಲಾಳನ್ನು ನೋಡಿ ನಗಲಿಲ್ಲ. ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮರೆಯಿಂದ ಅವಳನ್ನು ಕಳ್ಳನ ಹಾಗೆ ಇಣುಕಿ ನೋಡುತ್ತಿದ್ದವನು ಇವತ್ತು ಕಣ್ಣು ತಪ್ಪಿಸುತ್ತಿದ್ದ.

ಚಿತ್ರದುರ್ಗದ ಆ ಲ್ಯಾಬಿನಲ್ಲಿ ಇಬ್ಬರೂ ಒಂದೇ ವಸ್ತುವಿನ ಬೆನ್ನು ಬಿದ್ದವರು. ತಾಮ್ರದ ಕಣಗಳನ್ನು ಸಾವಯವ ಅಣುಗಳಿಂದ ಹೆಣೆದ ಕಪ್ಪು ಜಾಲರಿ ಅದು. ಅತಿ ಚಳಿಯಲ್ಲಿ ಅದರೊಳಗೆ ಕರೆಂಟಿಗೆ ಅಡ್ಡಿಯೇ ಇರಬಾರದು, ರೋಧ ಸೊನ್ನೆಗೆ ಇಳಿಯಬೇಕು. ಒಂದನ್ನೊಂದು ದೂರ ತಳ್ಳುವ ಎಲೆಕ್ಟ್ರಾನುಗಳು ಅಲ್ಲಿ ಹಳೆಯ ಥಿಯರಿಗೆ ಬಗ್ಗದ ರೀತಿಯಲ್ಲಿ ಜೋಡಿಯಾಗುತ್ತವೆ ಎಂಬುದು ಅವರ ಗುಮಾನಿ.

ಸ್ಯಾಂಪಲ್ ಮೇಲೆ ಸ್ಯಾಂಪಲ್ ಕೈಕೊಟ್ಟು ಜಯಶೀಲಾಳ ಮನಸ್ಸು ಜಡ್ಡುಗಟ್ಟಿತ್ತು. ಖುಷಿಯೂ ಇಲ್ಲ, ದುಃಖವೂ ಇಲ್ಲ. ತಿಮ್ಮೇಶ್ ಮದುವೆಯ ಮಾತೆತ್ತಿದಾಗ, "ಸೊನ್ನೆ ಬರ್ಲಿ, ಆಮೇಲೆ ಅಪ್ಪಂಗೆ ಹೇಳ್ತೀನಿ" ಎಂದು ತೇಲಿಸಿಬಿಟ್ಟಿದ್ದಳು. ಕಳೆದ ವಾರ ಸೊನ್ನೆ ಬಂತು. ಎಲ್ಲರೂ ಕುಣಿದರು. ಅವಳು ಮಾತ್ರ ಸ್ಕ್ರೀನ್ ನೋಡುತ್ತಾ ಸುಮ್ಮನೆ ಕೂತಿದ್ದಳು.

"ಶೀಲಾ, ಆ ಸೊನ್ನೆ ಸುಳ್ಳು," ಎಂದ ತಿಮ್ಮೇಶ್. "ತಂತಿ ಅಂಟಿಸಿದೋನು ನಾನು. ಸಿಲ್ವರ್ ಪೇಸ್ಟ್ ಜಾಸ್ತಿ ಬಳಿದುಬಿಟ್ಟೀನಿ. ತಣ್ಣಗಾದಾಗ ಕುಗ್ಗಿ, ವೋಲ್ಟೇಜ್ ಅಳೆಯೋ ಎರಡು ತಂತಿನೂ ತಾಗ್ಕಂಡವೆ. ಅದಕ್ಕೇ ಮೀಟರ್ ಸೊನ್ನೆ ತೋರ್ಸೈತೆ."

"ಇದು ಯಾರ್ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ. ಮೊದ್ಲು ನಿಂಗೆ ಹೇಳಾಣ ಅಂತ ಬಂದೆ. ಸೊನ್ನೆನೇ ಸುಳ್ಳಾದ್ಮೇಲೆ, ನೀನು ಕೊಟ್ಟ ಮದುವೆ ಮಾತೂ ಬ್ಯಾಡ ಅಂದ್ರೆ ಬಿಟ್ಬಿಡು."

ಬಾಯಿ ಮುಚ್ಚಿಕೊಂಡಿದ್ದರೆ ಹೆಸರೂ ಸಿಗುತ್ತಿತ್ತು, ಹುಡುಗಿಯೂ ಸಿಗುತ್ತಿದ್ದಳು. ಎರಡನ್ನೂ ಕಳಕೊಳ್ಳಲು ಈ ಪೆದ್ದ ಬಸ್ ಹತ್ತಿ ಬಂದಿದ್ದಾನೆ. ಅವನ ಉಗುರಿನ ಸಂದಿಯಲ್ಲಿ ಇನ್ನೂ ಬೆಳ್ಳಿ ಬಣ್ಣವಿತ್ತು. ನೋಡುತ್ತಾ ನೋಡುತ್ತಾ ಅವಳ ಎದೆಯಲ್ಲಿ ಏನೋ ಚುರುಕ್ ಎಂದಿತು. ನೋವೇ ಇರಬೇಕು. ಎಷ್ಟೋ ದಿನದ ಮೇಲೆ ಏನೋ ಒಂದು ಅನ್ನಿಸಿತಲ್ಲ ಎಂದುಕೊಂಡಳು.

"ನಡಿ, ಮನೆಗೆ ಹೋಗಾಣ."

ಜಗಲಿಯ ಮೇಲೆ ಅವಳ ಅಪ್ಪ ರಂಗಯ್ಯ ಪೆಟ್ಟಿಗೆಯಿಂದ ತೆಗೆದ ಹೊಸ ಕರಿಕಂಬಳಿ ಹಾಸುತ್ತಿದ್ದರು. ಕುರಿ ಸಾಕುವ ಆ ಮನೆಯಲ್ಲಿ ಆ ಕಂಬಳಿ ಹೊರಬರುವುದು ನೆಂಟಸ್ತನ ಕೂಡಿದಾಗ ಮಾತ್ರ.

"ಬರ್ರಿ, ಕುಂತ್ಕಳ್ರಿ," ಎಂದು ನೀರು ತರಲು ಒಳಗೆ ಹೋದರು.

ತಿಮ್ಮೇಶ್ ಮೆಟ್ಟಿಲಲ್ಲೇ ನಿಂತ. "ಅಪ್ಪಂಗೆ ಹೇಳ್ಬಿಟ್ಟೀಯಾ?"

"ನಿನ್ನೆ ಹೇಳ್ದೆ. ಸೊನ್ನೆ ಬಂತಲ್ಲ, ಕೊಟ್ಟ ಮಾತು ಅಂತ ಹೇಳ್ದೆ. ನಿಜ ಹೇಳ್ಬೇಕು ಅಂದ್ರೆ, ಆಗ ಏನೂ ಅನ್ನಿಸ್ಲಿಲ್ಲ ಕಣೋ."

"ಈಗ?"

ಅವಳು ಅವನ ಬೆಳ್ಳಿ ಮೆತ್ತಿದ ಬೆರಳು ಹಿಡಿದು ಕಂಬಳಿಯ ಕಡೆಗೆ ಎಳೆದಳು. ಕಣ್ಣು ತುಂಬಿ ಬಂದಿತ್ತು.

"ಕುಂತ್ಕ. ನಾಳೆ ಹೋಗಿ ಎಲ್ರಿಗೂ ನಿಜ ಹೇಳಾಣ. ಮುಂದಿನ ಸಲ ಪೇಸ್ಟ್ ನಾನೇ ಹಚ್ತೀನಿ."